ಮೈಗೆ ಹಚ್ಚುವ ಮುನ್ನ ಮೂರು ಪ್ರಶ್ನೆ



ನಿಮ್ಮ ಮನೆಯ ಬಚ್ಚಲ ಗೂಡನ್ನು ಒಮ್ಮೆ ನೋಡಿ. ಹಲ್ಲಿನ ಪೇಸ್ಟು, ಮೈಸೋಪು, ಶ್ಯಾಂಪೂ ಪೊಟ್ಟಣ, ತಲೆಗೂದಲಿಗೆ ಹಚ್ಚುವ ಬಣ್ಣ, ಮುಖದ ಕ್ರೀಮು, ಮಗುವಿನ ಪೌಡರು ಅಲ್ಲಿರುತ್ತವೆ. ನಮ್ಮ ಅಜ್ಜಿಯರ ಕಾಲದಲ್ಲಿ ಅದೇ ಗೂಡಿನಲ್ಲಿ ಸೀಗೆಪುಡಿ, ಕಡಲೆಹಿಟ್ಟು, ಹರಳೆಣ್ಣೆ ಇದ್ದವು. ಕಾಲ ಬದಲಾಗಿದೆ. ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದಂತಹ ಗಡಿಯ ಊರಿನಲ್ಲೂ ಪಟ್ಟಣದ ಸಾಮಾನೆಲ್ಲ ಕಿರಾಣಿ ಅಂಗಡಿಯ ಮುಂದೆ ಸರಗಳಾಗಿ ತೂಗುತ್ತವೆ.

ಈ ವಸ್ತುಗಳ ಬಗ್ಗೆ ಎರಡು ಬಗೆಯ ಮಾತು ಕೇಳುತ್ತೇವೆ. "ಅವೆಲ್ಲ ಕೆಮಿಕಲ್, ಎಲ್ಲವೂ ವಿಷ" ಎನ್ನುವವರು ಕೆಲವರು. "ಅಂಗಡಿಯಲ್ಲಿ ಮಾರುತ್ತಾರೆ ಅಂದಮೇಲೆ ಏನೂ ಆಗುವುದಿಲ್ಲ" ಎನ್ನುವವರು ಹಲವರು. ಎರಡು ಮಾತೂ ಸರಿಯಲ್ಲ. ಅಡಿಗೆಯ ಉಪ್ಪೂ ರಾಸಾಯನಿಕವೇ; ಚಿಟಿಕೆ ಹಾಕಿದರೆ ರುಚಿ, ಹಿಡಿ ಹಾಕಿದರೆ ಅನ್ನವೇ ಕೆಟ್ಟಿತು. ಆದುದರಿಂದ ಯಾವ ವಸ್ತುವನ್ನಾದರೂ ಮೈಗೆ ಹಚ್ಚುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಎಷ್ಟು ಹಚ್ಚಬೇಕು? ಯಾರಿಗೆ ಹಚ್ಚುತ್ತಿದ್ದೇವೆ? ಎಷ್ಟು ದಿನ ಹಚ್ಚುತ್ತೇವೆ? ಇವಕ್ಕೆ ಉತ್ತರ ತಿಳಿದರೆ ಅನಗತ್ಯ ಭಯವೂ ಇಲ್ಲ, ಅಪಾಯದ ಧೈರ್ಯವೂ ಇಲ್ಲ.

ಅಲಂಕಾರವೆಂದರೆ ಪಾಪವೇ?

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳೋಣ. ಮೈಯನ್ನು ಶುಚಿಯಾಗಿ, ಚೆನ್ನಾಗಿ ಇಟ್ಟುಕೊಳ್ಳುವುದನ್ನು ಧರ್ಮಸಭೆ ಎಂದೂ ತಪ್ಪೆಂದು ಹೇಳಿಲ್ಲ. ಉಪವಾಸವಿದ್ದಾಗಲೂ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿರೆಂದು ಯೇಸುಸ್ವಾಮಿ ಕಲಿಸಿದ್ದನ್ನು ಸಂತ ಮತ್ತಾಯರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಓದುತ್ತೇವೆ. ಬೆಥಾನಿಯದ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಸ್ವಾಮಿಯ ಪಾದಗಳಿಗೆ ಹಚ್ಚಿದಾಗ ಅವರು ಆಕೆಯ ಪರವಾಗಿ ಮಾತನಾಡಿದರು. ಜ್ಞಾನಸ್ನಾನದಲ್ಲಿ, ದೃಢೀಕರಣದಲ್ಲಿ ನಮ್ಮನ್ನು ಅಭಿಷೇಕಿಸುವುದೂ ಸುಗಂಧ ಬೆರೆತ ಎಣ್ಣೆಯಿಂದಲೇ.

ಆದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ ಸಂತ ಪೌಲರು ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ನೆನಪಿಸುತ್ತಾರೆ. ದೇವಾಲಯದ ಗೋಡೆಗೆ ಸುಣ್ಣ ಬಳಿಯುವ ಮುನ್ನ ಯಾವ ಸುಣ್ಣ, ಎಷ್ಟು ನೀರು ಎಂದು ನಾಲ್ಕು ಸಲ ವಿಚಾರಿಸುತ್ತೇವೆ. ಸ್ವಂತ ಮೈಗೆ, ಮಗುವಿನ ಮೈಗೆ ಹಚ್ಚುವಾಗ ಒಂದು ಸಲವಾದರೂ ವಿಚಾರಿಸಬೇಡವೇ?

ಎಷ್ಟು? - ಹಲ್ಲಿನ ಪೇಸ್ಟು

ಮೊದಲ ಪ್ರಶ್ನೆಗೆ ಹಲ್ಲಿನ ಪೇಸ್ಟಿಗಿಂತ ಒಳ್ಳೆಯ ಪಾಠವಿಲ್ಲ. ಅದರಲ್ಲೂ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರು ಇದನ್ನು ಗಮನವಿಟ್ಟು ಓದಬೇಕು. ಚಿತ್ರದುರ್ಗ ಜಿಲ್ಲೆಯ ಈ ಒಣಭೂಮಿಯಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿದೆ. ನೆಲದೊಳಗಿನ ಗಟ್ಟಿ ಕಲ್ಲಿನಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಇದಕ್ಕಿಂತ ಹೆಚ್ಚಿನ ನೀರನ್ನು ಎಳವೆಯಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಪಟ್ಟೆಗಳು ಮೂಡುತ್ತವೆ. ಇದನ್ನು ಹಲ್ಲಿನ ಫ್ಲೋರೋಸಿಸ್ ಎನ್ನುತ್ತಾರೆ. ಬಹಳ ವರ್ಷ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2008-09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು.

ಅದೇ ಫ್ಲೋರೈಡನ್ನು ಪೇಸ್ಟಿಗೆ ಬೇಕೆಂದೇ ಸೇರಿಸುತ್ತಾರೆ, ಏಕೆ? ಅಲ್ಪ ಪ್ರಮಾಣದಲ್ಲಿ ಹಲ್ಲಿನ ಹೊರಮೈಗೆ ತಾಗಿದರೆ ಅದು ಹುಳುಕನ್ನು ತಡೆಯುತ್ತದೆ. ಹಲ್ಲಿಗೆ ಹೊರಗಿನಿಂದ ತಾಗಿದರೆ ಗುಣ, ಹೊಟ್ಟೆಗೆ ಇಳಿದು ಲೆಕ್ಕ ಮೀರಿದರೆ ದೋಷ. ನಮ್ಮ ಕಾನೂನಿನ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದು. ಎಷ್ಟಿದೆ ಎಂಬುದನ್ನು ಟ್ಯೂಬಿನ ಮೇಲೆ ಮುದ್ರಿಸಬೇಕು. 1000 ಪಿಪಿಎಂ ಎಂದರೆ 1 ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್.

ಈಗ ಮನೆಯ ಲೆಕ್ಕ ಹಾಕಿ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಪೇಸ್ಟು ಹಿಂಡಿದರೆ ಹತ್ತಿರ ಹತ್ತಿರ 1 ಗ್ರಾಂ ಆಗುತ್ತದೆ. ಪೇಸ್ಟು ಸಿಹಿಯಾಗಿರುವುದರಿಂದ, ಉಗುಳಲು ಬಾರದ ಮಗು ಅದರಲ್ಲಿ ಒಂದಷ್ಟನ್ನು ನುಂಗಿಬಿಡುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಒಂದು ಲೀಟರ್ ಕುಡಿಯುವ ಮಗುವಿಗೆ ನೀರಿನಿಂದಲೇ 1.5 ಮಿಲಿಗ್ರಾಂ ಹೋಗುತ್ತಿದೆ. ದೊಡ್ಡ ಪಾಲು ನೀರಿನದು, ನಿಜ. ಆದರೆ ತುಂಬಿದ ಕೊಡಕ್ಕೆ ಇನ್ನೊಂದು ಚೆಂಬು ಏಕೆ ಸುರಿಯಬೇಕು?

ಹೀಗೆ ಮಾಡಿ. 3 ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಒಂದು ಬಟಾಣಿಯಷ್ಟು ಪೇಸ್ಟು ಸಾಕು. ಬ್ರಷ್ಷಿಗೆ ಹಚ್ಚುವ ಕೆಲಸ ತಾಯಿ ಅಥವಾ ತಂದೆಯದಾಗಿರಲಿ. ಉಗುಳುವುದನ್ನು ಮೊದಲು ಕಲಿಸಿ. ನಿಮ್ಮ ಊರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, 6 ವರ್ಷದೊಳಗಿನ ಮಗುವಿಗೆ ಫ್ಲೋರೈಡ್ ಇಲ್ಲದ ಪೇಸ್ಟು ಕೊಡಬೇಕೇ ಎಂದು ದಂತವೈದ್ಯರನ್ನು ಕೇಳಿ. ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನಡಿ ಹಳ್ಳಿಯ ಹೆಣ್ಣುಮಕ್ಕಳಿಗೇ ಈ ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದು ನೆನಪಿರಲಿ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ.

ಇನ್ನೊಂದು ಮಾತು. ಕಂದು ಹಲ್ಲಿನ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ನಾಚಿಕೆಗೆ ಇದ್ದಿಲು, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿ ಹಾಕಿ ಉಜ್ಜುತ್ತಾರೆ. ಆ ಕಲೆ ಹಲ್ಲಿನ ಹೊರಕವಚದ ಒಳಗೇ ಸೇರಿರುವುದು; ಉಜ್ಜಿದರೆ ಹೋಗುವುದು ಕಲೆಯಲ್ಲ, ಕವಚ. ಕವಚ ಸವೆದ ಮೇಲೆ ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನುತ್ತದೆ. ಕಲೆಯನ್ನು ಮರೆಮಾಡಲು ದಂತವೈದ್ಯರ ಬಳಿ ಮಾರ್ಗಗಳಿವೆ. ಮಗುವಿಗೆ "ನೀನು ಹಲ್ಲುಜ್ಜುವುದಿಲ್ಲ" ಎಂದು ಗದರಬೇಡಿ. ತಪ್ಪು ಮಗುವಿನದಲ್ಲ. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯನ್ನಂತೂ ಮನೆಯೊಳಗೆ ಬಿಡಬೇಡಿ. ತಂಬಾಕು ಸೇರಿಸಿದ ಪೇಸ್ಟು, ಹಲ್ಲುಪುಡಿಗಳನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಯಾರಿಗೆ? - ತಲೆಯ ಬಣ್ಣ

ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಇದಕ್ಕೆ ತಲೆಗೂದಲಿನ ಬಣ್ಣವೇ ಸಾಕ್ಷಿ. ಕಪ್ಪು ಬಣ್ಣದ ಹೆಚ್ಚಿನ ಪೊಟ್ಟಣಗಳಲ್ಲಿ ಪ್ಯಾರಾ ಫಿನೈಲಿನ್ ಡೈಅಮೀನ್ ಎಂಬ ವಸ್ತು ಇರುತ್ತದೆ. ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಕೂದಲೊಳಗೆ ಹೊಕ್ಕು ಗಟ್ಟಿಯಾಗಿ ಕಪ್ಪು ಹಿಡಿಸುವ ಶಕ್ತಿ ಇದರದು. ಅನೇಕರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಹಚ್ಚಿದ ಒಂದೆರಡು ದಿನದಲ್ಲಿ ನೆತ್ತಿ ತುರಿಸಿ, ಕಿವಿ, ಹಣೆ, ಕಣ್ಣಿನ ರೆಪ್ಪೆ ಊದಿಕೊಂಡು, ಕೀವಿನಂತೆ ನೀರು ಸೋರುತ್ತದೆ.

"ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಈಗೇಕೆ ಹೀಗಾಯಿತು?" ಎಂದು ಕೇಳುವವರಿದ್ದಾರೆ. ಅಲರ್ಜಿಯ ಸ್ವಭಾವವೇ ಹಾಗೆ. ಹತ್ತು ವರ್ಷ ಸುಮ್ಮನಿದ್ದ ಮೈ ಹನ್ನೊಂದನೆಯ ವರ್ಷ ಅದನ್ನು ಶತ್ರುವೆಂದು ಗುರುತಿಸಬಹುದು. ಒಮ್ಮೆ ಗುರುತಿಸಿದರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ಪ್ರತಿ ಸಲವೂ ಮೊದಲಿಗಿಂತ ಜೋರಾಗಿ ಬರಬಹುದು. ದಿನವೂ ಬಣ್ಣ ಕಲಸುವ ಕ್ಷೌರಿಕ ಸಹೋದರರ ಕೈಬೆರಳು ಒಡೆಯುವುದಕ್ಕೂ ಇದು ಒಂದು ಕಾರಣ. ಅವರು ಕೈಗವಸು ಹಾಕಿಕೊಳ್ಳುವುದು ಕ್ಷೇಮ.

ಇದಕ್ಕೆ ಪರಿಹಾರವನ್ನು ಕಾನೂನೇ ಹೇಳಿದೆ. ಇಂತಹ ಬಣ್ಣದ ಪೊಟ್ಟಣದ ಜೊತೆ ಮೊದಲು ಪರೀಕ್ಷೆ ಮಾಡಿಕೊಳ್ಳುವ ವಿಧಾನವನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ ಕೊಡಬೇಕು. ನಾವು ಆ ಚೀಟಿಯನ್ನು ಬಿಸಾಡುತ್ತೇವೆ. ವಿಧಾನ ಸುಲಭವಾಗಿದೆ. ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಯಲ್ಲಿ ಒಂದು ಚಿಕ್ಕ ಜಾಗವನ್ನು ಸೋಪಿನಿಂದ ತೊಳೆದು, ಕಲಸಿದ ಬಣ್ಣವನ್ನು ಒಂದು ಬೊಟ್ಟಿನಷ್ಟು ಹಚ್ಚಿ ಒಣಗಲು ಬಿಡಿ. 24 ಗಂಟೆಗಳ ನಂತರ ತೊಳೆಯಿರಿ. ಎರಡು ದಿನ ಕಾದು ನೋಡಿದರೆ ಇನ್ನೂ ಒಳ್ಳೆಯದು. ಕೆಂಪಾದರೆ, ತುರಿಸಿದರೆ, ಗುಳ್ಳೆ ಎದ್ದರೆ ಆ ಬಣ್ಣ ನಿಮಗಲ್ಲ. ಪ್ರತಿ ಸಲ ಹಚ್ಚುವ ಮುನ್ನವೂ ಈ ಪರೀಕ್ಷೆ ಬೇಕು. ಹಿಂದೆ ಒಮ್ಮೆ ಊದಿಕೊಂಡವರು ಪರೀಕ್ಷೆಗೂ ಕೈಹಾಕಬಾರದು. ಹುಬ್ಬಿಗೆ, ಕಣ್ಣಿನ ರೆಪ್ಪೆಗೂದಲಿಗೆ ಯಾರೂ ಹಚ್ಚಬಾರದು. ಕಣ್ಣು ಕಳೆದುಕೊಳ್ಳಬಹುದು ಎಂಬ ಎಚ್ಚರಿಕೆಯೂ ಪೊಟ್ಟಣದ ಮೇಲಿರುತ್ತದೆ.

"ನಾನು ಬಣ್ಣ ಹಚ್ಚುವುದಿಲ್ಲ, ಗೋರಂಟಿ ಮಾತ್ರ" ಎನ್ನುವವರಿಗೂ ಒಂದು ಕಿವಿಮಾತು. ಗಿಡದ ಗೋರಂಟಿ ಕಿತ್ತಳೆ ಅಥವಾ ಕೆಂಗಂದು ಬಣ್ಣ ಕೊಡುತ್ತದೆ. ತಾನಾಗಿ ಕಡುಕಪ್ಪು ಕೊಡುವುದಿಲ್ಲ. ಕ್ಷಣದಲ್ಲಿ ಕಪ್ಪಾಗುವ 'ಕರಿ ಗೋರಂಟಿ'ಯಲ್ಲಿ ಅನೇಕ ವೇಳೆ ಪಿಪಿಡಿಯೇ ಬೆರೆತಿರುತ್ತದೆ. ಮದುವೆಮನೆಯಲ್ಲಿ ಮಕ್ಕಳ ಕೈಗೆ ಅದನ್ನು ಹಾಕಿಸಬೇಡಿ.

ಇದು ಬಾಯಿಗೆ ಹೋದರೆ ಬಹಳ ಅಪಾಯ. ಪಕ್ಕದ ರಾಯಲಸೀಮೆಯ ಆಸ್ಪತ್ರೆಗಳ ವೈದ್ಯರು ಇಂತಹ ಅನೇಕ ಪ್ರಕರಣಗಳನ್ನು ಕಂಡು ದಾಖಲಿಸಿದ್ದಾರೆ. ಗಂಟಲು ಊದಿ ಉಸಿರು ಕಟ್ಟುತ್ತದೆ, ಆಮೇಲೆ ಮೂತ್ರಪಿಂಡಗಳೂ ಕೆಡಬಹುದು. ಆದುದರಿಂದ ಬಣ್ಣವನ್ನು ಬೀಗದ ಪೆಟ್ಟಿಗೆಯಲ್ಲಿಡಿ. ಮಗುವೇ ಆಗಲಿ, ದೊಡ್ಡವರೇ ಆಗಲಿ ನುಂಗಿದರೆಂದು ತಿಳಿದ ಕೂಡಲೇ ವಾಂತಿ ಮಾಡಿಸಲು ಹೋಗದೆ, ಪೊಟ್ಟಣದ ಸಮೇತ 108ರಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ವಿಚಾರಣೆ, ಬೈಗುಳ ಯಾವುದೂ ಆಗ ಬೇಡ. ಮನೆಯಲ್ಲಿ ಯಾರಾದರೂ ಮನನೊಂದು ಮಾತು ಬಿಟ್ಟು ಕೂತಿದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ, ಗುರುಗಳಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಹಗಲೂ ರಾತ್ರಿಯೂ ಮಾತನಾಡುವವರು ಸಿಗುತ್ತಾರೆ.

ಎಷ್ಟು ದಿನ? - ಬಿಳುಪಿನ ಕ್ರೀಮು

ಮೂರನೆಯ ಪ್ರಶ್ನೆ ಮುಖದ ಕ್ರೀಮಿಗೆ ಸಂಬಂಧಿಸಿದ್ದು. ಮಗಳಿಗೆ ಗಂಡು ನೋಡಲು ಬರುತ್ತಾರೆ, ಮದುವೆಗೆ ತಿಂಗಳಿದೆ ಎಂದಾಗ ಕೈ ಮೊದಲು ಹೋಗುವುದು ಬಿಳುಪಿನ ಕ್ರೀಮಿಗೆ. ಎಲ್ಲ ಕ್ರೀಮೂ ಕೆಟ್ಟದ್ದಲ್ಲ. ಆದರೆ ಎರಡು ಬಗೆಯವುಗಳಿಂದ ದೂರವಿರಬೇಕು.

ಒಂದು, ಸ್ಟಿರಾಯ್ಡ್ ಇರುವ ಮುಲಾಮು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ನೋಡಿಟ್ಟುಕೊಳ್ಳಿ. ಇವು ಚರ್ಮರೋಗಕ್ಕೆ ಒಳ್ಳೆಯ ಔಷಧಗಳು, ವೈದ್ಯರು ಹೇಳಿದಷ್ಟು ದಿನ ಮಾತ್ರ. ಮುಖಕ್ಕೆ ಹಚ್ಚಿದ ಮೊದಲ ವಾರಗಳಲ್ಲಿ ಕಲೆ ತಿಳಿಯಾಗಿ, ಮುಖ ಬೆಳ್ಳಗಾದಂತೆ ಕಾಣುತ್ತದೆ. ಅಕ್ಕಪಕ್ಕದವರು ಹೊಗಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗಿ, ಕೆಂಪು ನರಗಳು ಕಾಣಿಸಿ, ಮೊಡವೆ ಏಳುತ್ತದೆ. ಹೆಣ್ಣುಮಕ್ಕಳ ಮುಖದಲ್ಲಿ ಕೂದಲೂ ಬೆಳೆಯುತ್ತದೆ. ಬಿಟ್ಟರೆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಇದನ್ನು ತಡೆಯಲು ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಬಹುದಿನದಿಂದ ಹಚ್ಚುತ್ತಿರುವವರು ನಾಚಿಕೆಪಡದೆ ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದ ಕ್ರಮದಲ್ಲಿ ಬಿಡಬೇಕು.

ಎರಡು, ಪಾದರಸ ಬೆರೆತ ಕ್ರೀಮು. ಪಾದರಸ ಚರ್ಮದ ಬಣ್ಣ ಉಂಟಾಗುವುದನ್ನೇ ತಡೆಯುತ್ತದೆ. ಆದರೆ ಅದು ಚರ್ಮದಲ್ಲೇ ನಿಲ್ಲದೆ ರಕ್ತಕ್ಕೆ ಇಳಿದು ಮೂತ್ರಪಿಂಡ ಸೇರುತ್ತದೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸವನ್ನು ಸೇರಿಸುವಂತಿಲ್ಲ. ತಾನಾಗಿ ಬೆರೆತರೂ 1 ಪಿಪಿಎಂ ಮೀರಬಾರದು. ಆದರೂ ಹೊರದೇಶದಿಂದ ಕದ್ದು ಬರುವ, ತಯಾರಕರ ವಿಳಾಸವೇ ಇಲ್ಲದ ಡಬ್ಬಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್ ಊರಿನ ಆಸ್ಪತ್ರೆಯೊಂದರಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಜನರನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಜನರಲ್ಲಿ ಆ ರೋಗದ ಅಪರೂಪದ ಒಂದು ಬಗೆ ಕಂಡುಬಂತು; ಆ 15ರಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರ ರೋಗ ಹಿಮ್ಮೆಟ್ಟಿತು.

ಮುಖ, ಪಾದ ಊದುವುದು, ಮೂತ್ರದಲ್ಲಿ ನೊರೆ ಬರುವುದು ಮೂತ್ರಪಿಂಡ ಸೋರುತ್ತಿರುವ ಗುರುತು. ಕ್ರೀಮು ಹಚ್ಚುವವರಲ್ಲಿ ಇವು ಕಂಡರೆ ಡಬ್ಬಿಯನ್ನೂ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇಂತಹ ಕ್ರೀಮನ್ನು ಮುಟ್ಟಲೇಬಾರದು. ತಾಯಿಯ ಕೈಯಿಂದ, ಟವೆಲ್ಲಿನಿಂದ ಅದು ಮಗುವಿನ ಮೈಗೂ ಹತ್ತುತ್ತದೆ.

ಡಬ್ಬಿಯ ಮೇಲಿನ ಸಣ್ಣ ಅಕ್ಷರ

ಕೊಳ್ಳುವ ಮುನ್ನ ಐದು ಸಂಗತಿ ನೋಡಿ: ತಯಾರಿಸಿದವರ ಹೆಸರು ಮತ್ತು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಂದಿನವರೆಗೆ ಬಳಸಬಹುದು ಎಂಬ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ. ಇವಿಲ್ಲದ ಡಬ್ಬಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಇಂಗ್ಲಿಷ್ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಮಕ್ಕಳಿಗೂ ಅದೊಂದು ಪಾಠ. ಮರ್ಕ್ಯುರಿ, ಕ್ಯಾಲೊಮೆಲ್ ಎಂಬ ಪದ ಕಂಡರೆ ಅದು ಪಾದರಸವೇ. 'ಗಿಡಮೂಲಿಕೆ' ಎಂದು ದೊಡ್ಡದಾಗಿ ಬರೆದಿದ್ದರೂ ಸಣ್ಣ ಅಕ್ಷರ ಓದಿ.

ಎಳೆಗೂಸಿಗೆ ಪೌಡರನ್ನು ಮುಖದ ಬಳಿ ಉದುರಿಸಬೇಡಿ. ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಹಣೆಗೆ ಅಂಟುಬೊಟ್ಟು ಇಡುವವರು ಅದೇ ಜಾಗದಲ್ಲಿ ಬಿಳಿ ಮಚ್ಚೆ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಂಟಿನಲ್ಲಿರುವ ಒಂದು ರಾಸಾಯನಿಕ ಕೆಲವರ ಚರ್ಮದ ಬಣ್ಣವನ್ನೇ ತೆಗೆಯುತ್ತದೆಂದು ನಮ್ಮ ದೇಶದ ಚರ್ಮವೈದ್ಯರು 1980ರ ದಶಕದಲ್ಲೇ ಕಂಡುಕೊಂಡಿದ್ದಾರೆ.

ಬಿಸಿಲು ಕೊಟ್ಟ ಬಣ್ಣ

ಕೊನೆಗೆ ಮುಖ್ಯವಾದ ಮಾತು. ಪಾದರಸವನ್ನು ನಮ್ಮ ಹೆಣ್ಣುಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವುದಿಲ್ಲ. "ಹುಡುಗಿ ಕಪ್ಪು" ಎಂಬ ನಮ್ಮ ಮಾತು ಅವರನ್ನು ಅಂಗಡಿಗೆ ಅಟ್ಟುತ್ತದೆ. ಶೇಂಗಾ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವಳ ಮುಖ ಬಿಸಿಲಿಗೆ ಕಪ್ಪಾಗದೆ ಇನ್ನೇನಾಗಬೇಕು? ಶ್ರೀಗ್ರಂಥದ ಪರಮಗೀತೆಯ ಮೊದಲ ಅಧ್ಯಾಯ ತೆರೆದು ನೋಡಿ. ಅಲ್ಲಿನ ಮದುಮಗಳೂ ಬಿಸಿಲಿನಲ್ಲಿ ದ್ರಾಕ್ಷಿತೋಟ ಕಾದು ಕಪ್ಪಾದವಳೇ. ಆಕೆ ತನ್ನ ಬಣ್ಣಕ್ಕಾಗಿ ನಾಚುವುದಿಲ್ಲ, ತಾನು ಚೆಲುವೆಯೆಂದೇ ಹೇಳಿಕೊಳ್ಳುತ್ತಾಳೆ. ಸಮುವೇಲ ಪ್ರವಾದಿಗೆ ದೇವರು ಕಲಿಸಿದ್ದೂ ಇದನ್ನೇ: ಮನುಷ್ಯ ಹೊರರೂಪ ನೋಡುತ್ತಾನೆ, ದೇವರು ಹೃದಯ ನೋಡುತ್ತಾರೆ. ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೋ ಸಿ' ಪರಿಪತ್ರದಲ್ಲಿ, ನಮ್ಮ ದೇಹವನ್ನು ದೇವರ ವರವೆಂದು ಒಪ್ಪಿಕೊಳ್ಳಬೇಕೆಂದು ಕಲಿಸಿದರು.

ಆದುದರಿಂದ ಹೆಣ್ಣು ನೋಡಲು ಹೋದಾಗ ಬಣ್ಣದ ಮಾತನ್ನು ಎತ್ತದಿರುವುದೂ, ಕಂದು ಹಲ್ಲಿನ ಮಗುವನ್ನು ಹಾಸ್ಯ ಮಾಡದಿರುವುದೂ ಆರೋಗ್ಯ ರಕ್ಷಣೆಯೇ, ಪರಪ್ರೇಮವೇ. ವೈದ್ಯರನ್ನು ಗೌರವಿಸಿರಿ, ಔಷಧವೂ ದೇವರ ಸೃಷ್ಟಿಯೇ ಎಂದು ಸಿರಾಖ ಗ್ರಂಥದ 38ನೇ ಅಧ್ಯಾಯ ಬೋಧಿಸುತ್ತದೆ. ಬೇಕಾದಾಗ ವೈದ್ಯರ ಬಳಿ ಹೋಗೋಣ, ಬೇಡವಾದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬರೋಣ.

ಮನೆಮಂದಿ ಕೂಡಿ ಚರ್ಚಿಸಿರಿ

1. ನಮ್ಮ ಮನೆಯ ಗೂಡಿನಲ್ಲಿ ವಿಳಾಸ, ದಿನಾಂಕ ಇಲ್ಲದ ಡಬ್ಬಿಗಳು ಎಷ್ಟಿವೆ?
2. ನಾವು ಕುಡಿಯುವ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಚಿಕ್ಕ ಮಕ್ಕಳ ಬ್ರಷ್ಷಿಗೆ ಪೇಸ್ಟು ಹಚ್ಚುವವರು ಯಾರು?
3. ನಮ್ಮ ಮನೆಯಲ್ಲಿ ಯಾರಾದರೂ ತಮ್ಮ ಬಣ್ಣಕ್ಕಾಗಿ, ಹಲ್ಲಿಗಾಗಿ ನೊಂದುಕೊಂಡಿದ್ದಾರೆಯೇ? ಅವರಿಗೆ ನಾವು ಏನು ಹೇಳಬೇಕು?

ಪ್ರಾರ್ಥನೆ: ಸೃಷ್ಟಿಕರ್ತರಾದ ದೇವರೇ, ನಮ್ಮ ಮೈಯನ್ನೂ ಅದರ ಬಣ್ಣವನ್ನೂ ಕೊಟ್ಟವರು ನೀವೇ. ಅದನ್ನು ಜೋಪಾನವಾಗಿ ಕಾಯುವ ವಿವೇಕವನ್ನೂ, ಒಬ್ಬರನ್ನೊಬ್ಬರು ನಿಮ್ಮ ಕಣ್ಣಿನಿಂದ ನೋಡುವ ಮನಸ್ಸನ್ನೂ ನಮ್ಮ ಕುಟುಂಬಕ್ಕೆ ದಯಪಾಲಿಸಿರಿ. ಆಮೆನ್.